ರಿಫ್ಯಾಕ್ಟರಿಂಗ್ ಟೂಲು: ಒಂದು ಕ್ಲಾಸಿನೊಳಗೆ ಶಹಬ್ಬಾಸ್, ಅಪ್ಪ-ಅಜ್ಜ ಬಂದರೆ ಫಜೀತಿ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಮಂಡ್ಯದ ಬೆಲ್ಲದ ಮಂಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುತ್ತೇವೆ. ಜಾವಾ ಕೋಡು, ಹಲವರ ಕೈ ದಾಟಿ ಬಂದದ್ದು. ಅದರ ಕೆಲಸ ಬದಲಾಗದಂತೆ ಒಳಗನ್ನಷ್ಟೇ ಓರಣ ಮಾಡೋಣವೆಂದು (ರಿಫ್ಯಾಕ್ಟರಿಂಗ್ ಅನ್ನುವುದು ಇದಕ್ಕೇ), ಕೋಡು ಬರೆಯುವ ಎಡಿಟರ್‌ಗೆ ಸೇರಿಸಿಕೊಳ್ಳುವ ಈ ಟೂಲಿಗೆ ವರ್ಷದ ಚಂದಾ ಕಟ್ಟಿದೆವು.

ವೇರಿಯಬಲ್ ಹೆಸರು ಬದಲಿಸುವುದು, ಮಾರುದ್ದದ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ಭಾಗ) ತುಂಡು ಮಾಡುವುದು, ಇದರಲ್ಲೆಲ್ಲ ಕೈಮುಗಿಯಬೇಕು. ಅರ್ಧ ದಿನದ ಕೆಲಸ ಟೀ ಬರುವಷ್ಟರಲ್ಲಿ ಮುಗಿಯುತ್ತದೆ.

ರಗಳೆ ಇರುವುದು ಇನ್‌ಹೆರಿಟೆನ್ಸ್‌ನಲ್ಲಿ, ಅಂದರೆ ಒಂದು ಕ್ಲಾಸು (ಡೇಟಾ, ಮೆಥಡ್‌ಗಳ ಒಂದು ಕಟ್ಟು) ತನ್ನ ಮೇಲಿನ ಕ್ಲಾಸಿನಿಂದ ಮೆಥಡ್‌ಗಳನ್ನು ಬಳುವಳಿಯಾಗಿ ಪಡೆಯುವ ಕಡೆ. ನಮ್ಮಲ್ಲಿ ‘ರಸೀದಿ’ ಅಂತ ಒಂದು ಕ್ಲಾಸು, ಅದರ ಕೆಳಗೆ ‘ಬೆಲ್ಲದರಸೀದಿ’, ಅದರಡಿ ಅಚ್ಚು, ಕುರಿಕಟ್ಟು, ಬಕೆಟ್ ಬೆಲ್ಲಕ್ಕೆ ಒಂದೊಂದು. ರಸೀದಿಯ ‘ಕಡಿತ’ ಮೆಥಡ್ ಹಮಾಲಿ ಮಾತ್ರ ಕಳೆಯುತ್ತದೆ. ಬೆಲ್ಲದರಸೀದಿ ಅದನ್ನು ಓವರ್‌ರೈಡ್ ಮಾಡಿ, ಅಂದರೆ ಅದೇ ಹೆಸರಿನ ತನ್ನದೇ ಮೆಥಡ್ ಇಟ್ಟುಕೊಂಡು, ತೂಕದ ಕೂಲಿಯನ್ನೂ ಕಳೆಯುತ್ತದೆ. ಕೆಳಗಿನ ಮೂರರಲ್ಲೂ ‘ನಿವ್ವಳ’ ಎಂಬ ಒಂದೇ ಥರದ ಮೆಥಡ್ ಇತ್ತು, ಒಳಗೆ ‘ಸೂಪರ್.ಕಡಿತ’ ಅಂತ ಕರೆ, ಅಂದರೆ ಒಂದು ಮೆಟ್ಟಿಲು ಮೇಲಿನ ಕ್ಲಾಸಿನ ಕಡಿತ. ಮೂರು ಕಡೆ ಯಾಕೆ, ಮೇಲಕ್ಕೆ ಹಾಕು ಎಂದು ಟೂಲಿಗೆ ‘ಪುಲ್ ಅಪ್’ ಕೊಟ್ಟೆವು. ಅದು ಒಂದಕ್ಷರ ಬದಲಿಸದೆ ಎತ್ತಿ ಬೆಲ್ಲದರಸೀದಿಯಲ್ಲಿಟ್ಟಿತು. ಅಲ್ಲಿ ನಿಂತು ‘ಸೂಪರ್’ ಅಂದರೆ ಸಿಗುವುದು ರಸೀದಿ. ತೂಕದ ಕೂಲಿ ಮಾಯ! ಕಂಪೈಲ್ ಆಯಿತು (ಕೋಡು ಓಡುವ ರೂಪಕ್ಕೆ ತಡೆಯಿಲ್ಲದೆ ಬಂತು), ಎಚ್ಚರಿಕೆ ಇಲ್ಲ, ಮೇಲೊಂದು ಹಸಿರು ಟಿಕ್ಕು ಬೇರೆ. ಟ್ರಯಲ್ ಕಾಪಿ ನೋಡಿದ ಮಂಡಿ ಗುಮಾಸ್ತರೇ ಹಿಡಿದದ್ದು: “ಅಲ್ಲಾ ಸಾ, ತೂಕುದ್ ಕಾಸೇ ಕಡ್ದಿಲ್ವಲ್ಲ ಇದು?”

ಇದೇನು ಯಾರಿಗೂ ಗೊತ್ತಿಲ್ಲದ ಮೂಲೆಯಲ್ಲ. ಇಂಥ ಪ್ರತಿ ಬದಲಾವಣೆಗೂ ಮೊದಲೇ ಯಾವ ಷರತ್ತು ಪರೀಕ್ಷಿಸಬೇಕು ಎಂದು ವಿಲಿಯಂ ಆಪ್ಡೈಕ್ 1992ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧದಲ್ಲಿ ಬರೆದಿದ್ದರು. ಆಮೇಲೆ ಬ್ರೆಜಿಲ್‌ನ ಸಂಶೋಧಕರು ಪುಟ್ಟ ಪುಟ್ಟ ಜಾವಾ ಪ್ರೋಗ್ರಾಂಗಳನ್ನು ಯಂತ್ರದಿಂದಲೇ ಹುಟ್ಟಿಸಿ, ಎಕ್ಲಿಪ್ಸ್, ನೆಟ್‌ಬೀನ್ಸ್ ಎಂಬ ಜಾವಾ ಎಡಿಟರ್‌ಗಳ ರಿಫ್ಯಾಕ್ಟರಿಂಗ್‌ನಲ್ಲೂ ಈ ಜಾತಿಯ ತಪ್ಪು ಹುಡುಕಿ ತೋರಿಸಿದರು. ಹಾಗಿದ್ದೂ ದುಡ್ಡು ತೆಗೆದುಕೊಳ್ಳುವ ಟೂಲು ‘ಕಂಪೈಲ್ ಆದರೆ ಸಾಕು’ ಅಂತ ಕೂತರೆ ಹೇಗೆ?

ಮೆಥಡ್ ಹೆಸರು ಬದಲಿಸುವಾಗಲೂ ಸ್ವಲ್ಪ ಹುಷಾರು. ಹೊಸ ಹೆಸರಿನ ಮೆಥಡ್ ಮೇಲಿನ ಕ್ಲಾಸಿನಲ್ಲಿ ಮೊದಲೇ ಇದ್ದರೆ ಗೊತ್ತಿಲ್ಲದಂತೆ ಓವರ್‌ರೈಡ್ ಆಗಿಬಿಡುತ್ತದೆ. ಜಾವಾ 5 ಬಂದ 2004ರಿಂದ ‘ಇದು ಬೇಕೆಂದೇ ಮಾಡಿದ ಓವರ್‌ರೈಡ್’ ಎಂದು ಹೇಳುವ ‘@ಓವರ್‌ರೈಡ್’ ಗುರುತು ಇದೆ ನಿಜ, ಆದರೆ ಅದು ಕಡ್ಡಾಯವಲ್ಲ, ಹಾಗಾಗಿ ಕಂಪೈಲರ್ ಸುಮ್ಮನಿರುತ್ತದೆ. ಜಾವಾ ಕೋಡಿನ ಹೊರಗೆ, ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಟ್ಟ ಕ್ಲಾಸ್ ಹೆಸರಂತೂ ಟೂಲಿನ ಕಣ್ಣಿಗೇ ಬೀಳಲಿಲ್ಲ.

ಕಂಪನಿಗೆ ಬರೆದೆ. “ಮೊದಲು ಟೆಸ್ಟ್ ಬರೆದುಕೊಳ್ಳಿ” ಅಂತ ಉತ್ತರ. ಟೆಸ್ಟ್ ಬೇಕು, ಒಪ್ಪಿದೆ. ಆದರೆ ಆ ಹಸಿರು ಟಿಕ್ಕು ಯಾತಕ್ಕೆ, ಸ್ವಾಮಿ?

ಐದಕ್ಕೆ ಎರಡೂವರೆ ಸ್ಟಾರ್. ಈ ಸಲ ಒಂದೇ ಲೈಸೆನ್ಸ್ ಉಳಿಸಿಕೊಂಡಿದ್ದೇವೆ, ‘ಪುಲ್ ಅಪ್’ ಶಾರ್ಟ್‌ಕಟ್ ತೆಗೆಸಿ.