ಹಳೆಯ ಟ್ಯೂಬ್ ಆಂಪ್ ಸರ್ವಿಸಿಂಗ್: ತೆಗೆದದ್ದೆಷ್ಟು, ಉಳಿಸಿದ್ದೆಷ್ಟು

ಒಂಬತ್ತು ವಾರ ಕಾಯಿಸಿದ ಮೇಲೆ ನನ್ನ ಹಳೆಯ ಫೆಂಡರ್ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ಲಿಫೈಯರ್ ಮನೆಗೆ ಮರಳಿದೆ. ಅದರೊಂದಿಗೆ ಕೈಬರಹದ ಎರಡು ಪುಟಗಳ ವರದಿಯೂ, ತೆಗೆದುಹಾಕಿದ ಭಾಗಗಳನ್ನು ತುಂಬಿದ ಒಂದು ಪ್ಲಾಸ್ಟಿಕ್ ಕವರೂ ಬಂದಿವೆ. ಆಂಪ್ ಹೇಗೆ ನುಡಿಯುತ್ತಿದೆ ಎಂಬುದಕ್ಕಿಂತ ಮೊದಲು ಆ ಕವರಿನ ವಿಷಯ ಹೇಳಬೇಕೆನಿಸುತ್ತದೆ, ಏಕೆಂದರೆ ಅದರಲ್ಲಿದ್ದ ಭಾಗಗಳು ನಾನು ಅಂದುಕೊಂಡಿದ್ದಕ್ಕಿಂತ ತೀರ ಕಡಿಮೆ. ಐವತ್ತು ವರ್ಷ ದಾಟಿದ ಯಂತ್ರವನ್ನು ಪೂರ್ತಿ ಬಿಚ್ಚಿದವರು ಇಷ್ಟೇ ತೆಗೆದು ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದಾರೆಂದರೆ ಅದು ಒಂದೋ ಮೈಗಳ್ಳತನ, ಇಲ್ಲವೇ ಕೆಲಸ ಬಲ್ಲವರ ಸಂಯಮ. ವರದಿಯನ್ನು ಎರಡು ಸಲ ಓದಿದ ಮೇಲೆ ನನ್ನ ಅನುಮಾನ ಕಳೆಯಿತು.

ಡಿಲಕ್ಸ್ ರಿವರ್ಬ್ 1963ರಲ್ಲಿ ಬಂದ ಮಾದರಿ. ಸುಮಾರು 22 ವ್ಯಾಟ್ ಶಕ್ತಿ, 12 ಇಂಚಿನ ಒಂದೇ ಸ್ಪೀಕರ್, ಸ್ಪೀಕರನ್ನು ನಡೆಸುವ ಔಟ್‌ಪುಟ್ ಹಂತದಲ್ಲಿ ಎರಡು 6ವಿ6ಜಿಟಿ ಟ್ಯೂಬುಗಳು (ಸಿಗ್ನಲ್ಲನ್ನು ಹಿಗ್ಗಿಸುವ ಗಾಜಿನ ನಿರ್ವಾತ ಕೊಳವೆಗಳು). ಒಳಗಿನ ಸರ್ಕ್ಯೂಟನ್ನು ಬಲ್ಲವರು ಎಬಿ763 ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ. ಫೆಂಡರ್ ಕಂಪನಿ 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಸೇರಿದ ನಂತರವೂ 1967ರವರೆಗೆ ಮುಂದಿನ ಫಲಕ ಕಪ್ಪಾಗಿಯೇ ಇತ್ತು. ನನ್ನದು ಯಾವ ವರ್ಷದ್ದೆಂದು ನಾನು ಕೇಳಿರಲಿಲ್ಲ, ಆದರೂ ತಂತ್ರಜ್ಞರು ಅದನ್ನು ವರದಿಯ ಮೊದಲ ಸಾಲುಗಳಲ್ಲಿಯೇ ಬರೆದಿದ್ದಾರೆ: ವಾಲ್ಯೂಮ್ ಕಂಟ್ರೋಲಿನ ಬೆನ್ನ ಮೇಲೆ 137 6719, ಟ್ರಾನ್ಸ್‌ಫಾರ್ಮರಿನ ಮೇಲೆ 606-7-25. ಮೊದಲ ಮೂರು ಅಂಕಿಗಳು ತಯಾರಕರ ಗುರುತು, 137 ಎಂದರೆ ಸಿಟಿಎಸ್, 606 ಎಂದರೆ ಶೂಮಾಕರ್. ಉಳಿದವು 1967ನೇ ವರ್ಷದ ಹತ್ತೊಂಬತ್ತನೆಯ ಮತ್ತು ಇಪ್ಪತ್ತೈದನೆಯ ವಾರ. ಬಿಡಿಭಾಗಗಳು ಕಾರ್ಖಾನೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರಬಹುದಾದ್ದರಿಂದ ಆಂಪ್ ಇದಕ್ಕಿಂತ ಹಿಂದಿನದಾಗಿರಲಾರದು ಎಂದಷ್ಟೇ ಹೇಳಬಹುದು ಎಂಬ ಎಚ್ಚರಿಕೆಯನ್ನೂ ಅವರೇ ಸೇರಿಸಿದ್ದಾರೆ. ಇಂಥ ಎಚ್ಚರಿಕೆ ಬರೆಯುವವರ ಕೈಗೆ ಆಂಪ್ ಕೊಟ್ಟದ್ದು ತಪ್ಪಾಗಲಿಲ್ಲ ಎನಿಸಿತು.

ಇದಕ್ಕೂ ಮುಂಚೆ ಬೇರೊಂದು ರಿಪೇರಿ ಅಂಗಡಿಗೆ ಹೋಗಿ ಬಂದದ್ದಾಗಿತ್ತು. ಗುಂಯ್ ಎಂಬ ಸದ್ದು ಬರುತ್ತಿದೆ ಎಂದು ಹೇಳಿದ್ದಕ್ಕೆ ಅವರು ಎರಡೇ ದಿನದಲ್ಲಿ ಅಷ್ಟೂ ಟ್ಯೂಬುಗಳನ್ನು ಹೊಸದು ಮಾಡಿ ಕೊಟ್ಟರು. ಸದ್ದು ಇದ್ದಲ್ಲಿಯೇ ಇತ್ತು, ಹಳೆಯ ಟ್ಯೂಬುಗಳು ಮಾತ್ರ ಹಿಂದಕ್ಕೆ ಬರಲಿಲ್ಲ. ಕೇಳಿದರೆ ಎಸೆದೆವು ಎಂದರು. ಅವುಗಳಲ್ಲಿ ಒಂದೆರಡರ ಮೇಲೆ ಆರ್‌ಸಿಎ ಮುದ್ರೆ ಇದ್ದದ್ದು ನನಗೆ ಈಗಲೂ ನೆನಪಿದೆ, ಅವು ಕೆಟ್ಟಿದ್ದವೋ ಇಲ್ಲವೋ ಎಂದು ತಿಳಿಯುವ ದಾರಿ ಮುಚ್ಚಿಹೋಯಿತು. ಕಳಚಿದ ಪ್ರತಿ ಭಾಗವೂ ನನಗೆ ಮರಳಿ ಬೇಕು ಎಂದು ಈ ಸಲ ಮೊದಲೇ ಬರೆದುಕೊಟ್ಟೆ.

ಆ ಸದ್ದಿನ ಮೂಲವನ್ನು ಹೊಸ ತಂತ್ರಜ್ಞರು ಹುಡುಕಿದ ಬಗೆ ಸರಳವಾದದ್ದು. ಟ್ಯೂಬುಗಳನ್ನು ಕಾಯಿಸುವ ಹೀಟರ್ ವೈರುಗಳಿಂದಲೋ ಅರ್ತಿಂಗ್ ದೋಷದಿಂದಲೋ ಬರುವ ಸದ್ದು ವಿದ್ಯುತ್ ಪೂರೈಕೆಯ ಆವರ್ತನದಲ್ಲಿಯೇ ಇರುತ್ತದೆ. ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರುಗಳು ಸೋತಾಗ ಬರುವ ಸದ್ದು, ಎಸಿಯನ್ನು ಡಿಸಿ (ಏಕಮುಖ ವಿದ್ಯುತ್) ಮಾಡುವ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ, ಅದರ ಎರಡರಷ್ಟು ಆವರ್ತನದಲ್ಲಿರುತ್ತದೆ. ನನ್ನ ಆಂಪಿನದು ಎರಡನೆಯ ಬಗೆಯದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವಾಂಶ ಕಾಲಕ್ರಮದಲ್ಲಿ ಒಣಗುತ್ತದೆ, ಬಳಸಿದರೂ ಬಳಸದಿದ್ದರೂ ಒಣಗುತ್ತದೆ. ಷಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಹೊಂದಿಸಿದ ತಗಡಿನ ಮುಚ್ಚಳದ ಕೆಳಗಿದ್ದ 16 ಮೈಕ್ರೋಫ್ಯಾರಡಿನ ಕೆಪಾಸಿಟರುಗಳು ಕಾರ್ಖಾನೆಯಿಂದ ಬಂದವೇ ಆಗಿದ್ದವು. ಒಂದರ ತುದಿಯಲ್ಲಿ ಕಂದು ಬಣ್ಣದ ಗಂಟು ಎದ್ದಿತ್ತು. ಆ ಗುಂಪನ್ನು ಪೂರ್ತಿ ಬದಲಾಯಿಸಿದ್ದಾರೆ. ಇಲ್ಲಿ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು, ಆದ್ದರಿಂದ ಅದನ್ನು ಇಳಿಸುವ ಕ್ರಮ ಗೊತ್ತಿಲ್ಲದವರು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರಬಾರದು.

ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಕವರಿನಲ್ಲಿದ್ದ ಇನ್ನೊಂದು ಪುಟ್ಟ ಕೆಪಾಸಿಟರ್, 0.047 ಮೈಕ್ರೋಫ್ಯಾರಡಿನದು. ಎರಡೇ ಪಿನ್ನಿನ ಪ್ಲಗ್ ಇದ್ದ ಕಾಲದಲ್ಲಿ ಸದ್ದು ತಗ್ಗಿಸಲೆಂದು ವಿದ್ಯುತ್ ವೈರಿಗೂ ಷಾಸಿಗೂ ನಡುವೆ, ಹಿಂಬದಿಯ ಗ್ರೌಂಡ್ ಸ್ವಿಚ್ಚಿನ ಮೂಲಕ, ಇದನ್ನು ಜೋಡಿಸುತ್ತಿದ್ದರು. ಇದು ಒಳಗೇ ಷಾರ್ಟ್ ಆದರೆ ಷಾಸಿಗೆ ನೇರವಾಗಿ ಕರೆಂಟು ಹರಿಯುತ್ತದೆ, ಷಾಸಿಯಿಂದ ಗಿಟಾರ್ ಕೇಬಲಿನ ಹೊರಕವಚಕ್ಕೆ, ಅಲ್ಲಿಂದ ಬ್ರಿಡ್ಜಿಗೆ, ಕೊನೆಗೆ ನುಡಿಸುವವರ ಬೆರಳ ಕೆಳಗಿನ ತಂತಿಗಳಿಗೆ. ಬಲ್ಲವರು ಇದನ್ನು ಸಾವಿನ ಕೆಪಾಸಿಟರ್ ಎನ್ನುವುದು ಸುಮ್ಮನೆ ಅಲ್ಲ. ಅದನ್ನು ತೆಗೆದು, ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ತ್ ವೈರನ್ನು ಷಾಸಿಗೆ ಪ್ರತ್ಯೇಕ ಬೋಲ್ಟಿನಿಂದ ಬಿಗಿದಿದ್ದಾರೆ. ಹಳೆಯ ವೈರನ್ನೂ ಸುತ್ತಿ ಕಳಿಸಿದ್ದಾರೆ. ನೆನಪಿಗೆಂದು ಇಟ್ಟುಕೊಳ್ಳಬಹುದು, ಮತ್ತೆ ಹಾಕುವ ಪ್ರಶ್ನೆಯಿಲ್ಲ.

ಬಯಾಸ್, ಅಂದರೆ ಟ್ಯೂಬಿನ ಪ್ರವಾಹವನ್ನು ಹಿಡಿತದಲ್ಲಿಡುವ ವೋಲ್ಟೇಜಿನ, ವಿಷಯದಲ್ಲಿ ಮೊದಲ ಅಂಗಡಿಯ ಅವಸರ ಪೂರ್ತಿ ಬಯಲಾಯಿತು. ಔಟ್‌ಪುಟ್ ಟ್ಯೂಬುಗಳನ್ನು ಬದಲಾಯಿಸಿದ ಮೇಲೆ ಅವುಗಳ ಮೂಲಕ ಹರಿಯುವ ಪ್ರವಾಹವನ್ನು ಅಳೆದು ಹೊಂದಿಸಲೇಬೇಕು, ಅವರು ಅಳೆದಿರಲಿಲ್ಲ. ಈ ಸರ್ಕ್ಯೂಟಿನಲ್ಲಿ ಅದಕ್ಕೆಂದೇ ಒಂದು ತಿರುಪು ಇದೆ, ಆದರೆ ಬಯಾಸ್ ಪೂರೈಕೆಯ ಕೆಪಾಸಿಟರ್ ಕೂಡ ಒಣಗಿದ್ದರಿಂದ ಟ್ಯೂಬಿನೊಳಗಿನ ಗ್ರಿಡ್ಡಿಗೆ (ಪ್ರವಾಹವನ್ನು ತಡೆಹಿಡಿಯುವ ಜಾಲರಿಗೆ) ತಲುಪಬೇಕಾದ ಋಣ ವೋಲ್ಟೇಜ್ ಸಾಕಷ್ಟು ತಲುಪುತ್ತಿರಲಿಲ್ಲ. ವರದಿಯ ಪ್ರಕಾರ, ಬಂದಾಗ ಪ್ಲೇಟಿನ (ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ತಲುಪುವ ಲೋಹದ ಫಲಕ) ವೋಲ್ಟೇಜ್ 405, ಪ್ರತಿ ಟ್ಯೂಬಿನ ಪ್ರವಾಹ 34 ಮಿಲಿಆಂಪಿಯರ್, ಅಂದರೆ ಹೆಚ್ಚುಕಡಿಮೆ 13.8 ವ್ಯಾಟ್, 6ವಿ6ಜಿಟಿಯ ಹಳೆಯ ಕೈಪಿಡಿಗಳಲ್ಲಿ ಪ್ಲೇಟಿಗೆ ಕೊಟ್ಟ ಮಿತಿ 12 ವ್ಯಾಟ್. ಕತ್ತಲಲ್ಲಿ ನೋಡಿದ್ದರೆ ಪ್ಲೇಟುಗಳು ಕೆಂಪಗೆ ಕಾಣುತ್ತಿದ್ದವೋ ಏನೋ. ಈಗ 418 ವೋಲ್ಟಿಗೆ 20 ಮಿಲಿಆಂಪಿಯರ್, ಮಿತಿಯ ಸುಮಾರು ಶೇ. 70ರಷ್ಟು. ಎಲೆಕ್ಟ್ರಾನುಗಳು ಹೊರಡುವ ಕ್ಯಾಥೋಡಿನಲ್ಲಿ 1 ಓಮ್ ರೆಸಿಸ್ಟರ್ ಹಾಕಿ ಅಳೆದದ್ದರಿಂದ ಇದರಲ್ಲಿ ಸ್ಕ್ರೀನ್ (ಟ್ಯೂಬಿನೊಳಗಿನ ಇನ್ನೊಂದು ಜಾಲರಿ) ಪ್ರವಾಹವೂ ಸೇರಿದೆ, ಪ್ಲೇಟಿನದು ಇನ್ನೂ ತುಸು ಕಡಿಮೆಯೇ ಎಂದು ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾರೆ. ಆ ರೆಸಿಸ್ಟರುಗಳನ್ನು ಅಲ್ಲಿಯೇ ಬಿಟ್ಟಿರುವುದು ಮುಂದೆ ಅಳೆಯುವವರಿಗೂ ಅನುಕೂಲ: ಒಂದು ಮಿಲಿವೋಲ್ಟ್ ಕಂಡರೆ ಒಂದು ಮಿಲಿಆಂಪಿಯರ್.

ಇನ್ನು ಉಳಿಸಿದ ಭಾಗಗಳು. ಒಂದು ಹಂತದಿಂದ ಇನ್ನೊಂದಕ್ಕೆ ಡಿಸಿಯನ್ನು ತಡೆದು ಸಿಗ್ನಲ್ಲನ್ನಷ್ಟೇ ದಾಟಿಸುವ ನೀಲಿ ಬಣ್ಣದ ಕಪ್ಲಿಂಗ್ ಕೆಪಾಸಿಟರುಗಳ ಒಂದೊಂದು ಕಾಲನ್ನು ಬೋರ್ಡಿನಿಂದ ಎತ್ತಿ ಡಿಸಿ ಸೋರಿಕೆ ಇದೆಯೇ ಎಂದು ನೋಡಿದ್ದಾರೆ. ಒಂದು ಸೋರುತ್ತಿತ್ತು, ಅದೊಂದನ್ನು ಬದಲಾಯಿಸಿ ಉಳಿದವನ್ನು ಮರಳಿ ಬೆಸೆದಿದ್ದಾರೆ. ಕಾರ್ಬನ್ ರೆಸಿಸ್ಟರುಗಳು ವಯಸ್ಸಾದಂತೆ ಮೌಲ್ಯದಲ್ಲಿ ಏರುತ್ತವೆ. 100 ಕಿಲೋಓಮ್ ಇರಬೇಕಾದ ಒಂದು 138 ತೋರಿಸುತ್ತಿತ್ತು, ಹುರಿಗಾಳಿನಂತೆ ಚಟಪಟ ಸದ್ದನ್ನೂ ಮಾಡುತ್ತಿತ್ತು. ಅದನ್ನೂ ಅದರ ಪಕ್ಕದ್ದನ್ನೂ ತೆಗೆದಿದ್ದಾರೆ. ಶೇ. 10 ಅಥವಾ 15ರಷ್ಟು ಏರಿ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದವನ್ನು ಮುಟ್ಟಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಹಾಗೆ ಮಾಡಿದರೆ ನೀವು ನನ್ನ ಬಳಿ ತಂದ ಆಂಪ್ ನಿಮಗೆ ಮರಳಿ ಸಿಗುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಬಿಲ್ಲನ್ನು ಹಿಗ್ಗಿಸುವ ಸುಲಭದ ಅವಕಾಶವನ್ನು ಗಿರಾಕಿಯೇ ಕೈಗಿತ್ತಾಗ ಬೇಡವೆಂದವರನ್ನು ನಾನು ಹೆಚ್ಚು ನೋಡಿಲ್ಲ.

ಸಣ್ಣಪುಟ್ಟ ಕೆಲಸಗಳೂ ಸರಿಯಾಗಿವೆ. ಕಂಟ್ರೋಲುಗಳ ಗರಗರ ಹೋಗಿದೆ, ಪ್ರತಿಧ್ವನಿ ಹುಟ್ಟಿಸುವ ರಿವರ್ಬ್ ಸ್ಪ್ರಿಂಗ್ ಪೆಟ್ಟಿಗೆಯೊಳಗೆ ತುಂಡಾಗಿದ್ದ ಕೂದಲೆಳೆಯಂಥ ವೈರನ್ನು ಬೆಸೆದಿದ್ದಾರೆ, ಆಕ್ಸ್‌ಫರ್ಡ್ ಸ್ಪೀಕರಿನ ಕೋನಿನ ಅಂಚಿನ ಸೀಳಿಗೆ ತೆಳು ಕಾಗದ ಅಂಟಿಸಿದ್ದಾರೆ.

ದೂರುಗಳಿಲ್ಲದೆ ಇಲ್ಲ. ನಾಲ್ಕು ವಾರವೆಂದದ್ದು ಒಂಬತ್ತಾಯಿತು, ಎರಡು ಸಲ ತಾರೀಖು ದಾಟಿದಾಗಲೂ ನಾನೇ ಕರೆ ಮಾಡಿ ಕೇಳಬೇಕಾಯಿತು. ಕೆಲಸದ ವಿಷಯದಲ್ಲಿ ಇಷ್ಟು ವಿವರವಾಗಿ ಬರೆಯಬಲ್ಲವರಿಗೆ ತಡವಾಗುತ್ತದೆ ಎಂಬ ಒಂದು ಸಾಲಿನ ಸಂದೇಶ ಕಳಿಸುವುದು ಯಾಕೆ ಕಷ್ಟವೋ ತಿಳಿಯದು. ಬಿಲ್ಲು ಮೊದಲು ಹೇಳಿದ ಮೊತ್ತವನ್ನು ಮೀರಲಿಲ್ಲ, ಆದರೆ ಭಾಗಗಳ ಬೆಲೆ ಎಷ್ಟು, ಕೂಲಿ ಎಷ್ಟು ಎಂದು ಬಿಡಿಸಿ ಬರೆದಿಲ್ಲ.

ನಾದದ ಬಗ್ಗೆ ಹೇಳುವುದಾದರೆ, ವಾಲ್ಯೂಮ್ ಮೂರರಲ್ಲಿಟ್ಟು ಗಿಟಾರ್ ನುಡಿಸದೆ ಕೂತರೆ ಆಂಪ್ ಚಾಲೂ ಇದೆಯೇ ಎಂದು ಕೆಂಪು ದೀಪ ನೋಡಿ ಖಚಿತಪಡಿಸಿಕೊಳ್ಳಬೇಕು. ಮಂದ್ರದ ತಂತಿಗಳು ಮೊದಲಿನಂತೆ ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳುತ್ತವೆ, ಆರರ ಆಚೆ ತಿರುಗಿಸಿದಾಗ ನಾದ ಒಡೆಯುವುದೂ ಮೆಲ್ಲಗೆ, ಒರಟಿಲ್ಲದೆ. ಉಳಿದಿರುವುದು ಒಂದೇ ತೊಡಕು. ಫಲಕದ ಮೇಲೆ ವೈಬ್ರಾಟೋ ಎಂದು ಬರೆದಿದ್ದರೂ ಅದು ನಿಜವಾಗಿ ಟ್ರೆಮೊಲೊ, ಸ್ವರವನ್ನಲ್ಲ, ಸದ್ದಿನ ಪ್ರಮಾಣವನ್ನು ಅಲುಗಿಸುವಂಥದ್ದು. ಒಂದು ನಿಯಾನ್ ದೀಪ ಮಿನುಗಿದಂತೆಲ್ಲ ಅದರ ಎದುರಿನ ಬೆಳಕು ಗ್ರಹಿಸುವ ರೆಸಿಸ್ಟರ್ ಈ ಕೆಲಸ ಮಾಡುತ್ತದೆ. ಅದನ್ನು ಚಾಲೂ ಮಾಡಿದಾಗ ಪ್ರತಿ ಮಿಣುಕಿಗೂ ಟಿಕ್ ಎಂಬ ಸಣ್ಣ ಸದ್ದು ಹಿಂದೆಯೂ ಇತ್ತು, ಈಗ ಗುಂಯ್ ಸದ್ದಿನ ಮರೆ ಇಲ್ಲದ್ದರಿಂದ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಆ ದೀಪದ ವೈರುಗಳ ದಾರಿ ಬದಲಿಸಿ ನೋಡೋಣ, ಅದಕ್ಕೆ ಬೇರೆ ಹಣ ಬೇಡ ಎಂದಿದ್ದಾರೆ. ಆದರೆ ಯಾವಾಗ ತರಲಿ ಎಂದು ನಾನು ಕಳಿಸಿದ ಸಂದೇಶಕ್ಕೆ, ಅವರ ವಾಡಿಕೆಯಂತೆ, ಇನ್ನೂ ಉತ್ತರ ಬಂದಿಲ್ಲ.