ದ್ರಾಸ್‌ನಲ್ಲಿ 'ಜಾರಿ ಬಿದ್ದವನ' ಅರ್ಜಿ: ಕಲಬುರಗಿಯ ಚಾಚಾನ ಟೈಪಿಂಗ್ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್

ಕಲಬುರಗಿ ಮಿನಿ ವಿಧಾನಸೌಧದ ಕಡೆ ಹೋದರೆ ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ಬೋರ್ಡು ಹಾಕಿದ ಅಂಗಡಿಗಳಿಗೇನು ಬರವಿಲ್ಲ. ನಾನು ಬರೆಯುತ್ತಿರುವುದು ತಗಡಿನ ಮಾಡಿನ ಒಂದು ಸಣ್ಣ ಅಂಗಡಿ ಬಗ್ಗೆ. ಪಕ್ಕಕ್ಕೆ ಮಿರ್ಚಿ ಭಜಿ ಗಾಡಿ, ಒಳಗೆ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೇ ಟೈಪ್‌ರೈಟರ್. ಬೋರ್ಡಿನ ಮೇಲಿನ ಹೆಸರು ನಮ್ಮ ಬಿಸಿಲಿಗೆ ಎಂದೋ ಅಳಿಸಿ ಹೋಗಿದೆ. ಎಲ್ಲರೂ ಚಾಚಾನ ಅಂಗಡಿ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ.

ನಾನು ಆಳಂದ ತಾಲೂಕಿನವನು. 1995ರಲ್ಲಿ ಫೌಜಿಗೆ ಭರ್ತಿಯಾಗಿ 2012ರಲ್ಲಿ ಹವಾಲ್ದಾರನಾಗಿ ಮನೆಗೆ ಬಂದೆ. ಪಲ್ಟನ್ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಪಲ್ಟನ್ ಮತ್ತು ಊರು ಎರಡೂ ಸಿಕ್ಕರೆ ಸಾಕು, 'ಸರ್, ನಿಮ್ಮ ಅರಿಯರ್ಸ್ ಬಂದಿದೆ, ಓಟಿಪಿ ಹೇಳಿ' ಅಂತ ಫೋನು ಶುರುವಾಗುತ್ತವೆ.

ಚಾಚಾನ ಅಂಗಡಿಗೆ ನನ್ನನ್ನು ಕರೆದೊಯ್ದ ಕೆಲಸ ಇದು. 1999ರ ಜುಲೈಯಲ್ಲಿ, ಕಾರ್ಗಿಲ್ ಯುದ್ಧದ ವೇಳೆ, ದ್ರಾಸ್‌ನಲ್ಲಿದ್ದೆವು. ಒಂದು ಸಂಜೆ ಲಂಗರಿನಿಂದ, ಅಂದರೆ ಫೌಜಿನ ಅಡುಗೆಮನೆಯಿಂದ, ಚಹಾದ ಕೆಟಲಿ ಹಿಡಿದು ಬಂಕರಿನ ಕಡೆ ಹೊರಟಿದ್ದೆ. ಗುಡ್ಡದ ಆ ಕಡೆಯಿಂದ ಷೆಲ್ ಬಂತು. ಸಪ್ಪಳ ಕೇಳಿದ್ದು ನೆನಪಿದೆ, ಬಿದ್ದಿದ್ದು ನೆನಪಿಲ್ಲ. ಎಡತೊಡೆಗೆ ಚೂರು ಹೊಕ್ಕಿತ್ತು. ಜೊತೆಗೆ ಪಕ್ಕದ ನಾಲಾಕ್ಕೆ ಉರುಳಿ ಬಲಗೈ ಮಣಿಕಟ್ಟು ಮುರಿದಿತ್ತು. ಶ್ರೀನಗರದ 92 ಬೇಸ್ ಹಾಸ್ಪಿಟಲ್‌ನಲ್ಲಿ ಚೂರಿನ ದೊಡ್ಡ ಭಾಗ ತೆಗೆದರು, ಸಣ್ಣದೊಂದು ಒಳಗೇ ಉಳಿಯಿತು.

ಇಷ್ಟೆಲ್ಲ ಆಗಿ, 2012ರಲ್ಲಿ ಕೈಗೆ ಬಂದ ಡಿಸ್ಚಾರ್ಜ್ ಬುಕ್ಕಿನಲ್ಲಿ ಗಾಯದ ಜಾಗದಲ್ಲಿ ಬರೆದಿದ್ದು ಏನು ಗೊತ್ತಾ? ಬಿದ್ದು ಮಣಿಕಟ್ಟಿಗೆ ಪೆಟ್ಟು. ಅಷ್ಟೇ. ತೊಡೆಯ ಸುದ್ದಿಯೇ ಇಲ್ಲ. ಎರಡು ಗಾಯದಲ್ಲಿ ಯಾರೋ ಬರಹಗಾರ ಒಂದನ್ನು ಮಾತ್ರ ನಕಲು ಮಾಡಿದ್ದ. ನಾನೂ ಓದಿರಲಿಲ್ಲ. ಮನೆಗೆ ಬರುವ ವೇಳೆಗೆ ಎಲ್ಲರ ಕಣ್ಣು ಪಿಪಿಓ (ಪೆನ್ಷನ್ ಆದೇಶ) ಮೇಲೆ, ಬ್ಯಾಂಕ್ ಖಾತೆ ಮೇಲೆ ಇರುತ್ತದೆ. ಬುಕ್ಕು ಟ್ರಂಕಿನಲ್ಲಿ ಹನ್ನೆರಡು ವರ್ಷ ಮಲಗಿತ್ತು.

2024ರ ಜುಲೈ 26ಕ್ಕೆ ಕಾರ್ಗಿಲ್‌ಗೆ ಇಪ್ಪತ್ತೈದು ವರ್ಷ ಆಯಿತು ಅಂತ ಮಾಜಿ ಸೈನಿಕರು ಒಂದು ಕಡೆ ಸೇರಿದ್ದೆವು. ಎದೆ ಮೇಲೆ ಆಪರೇಷನ್ ವಿಜಯ್ ಸ್ಟಾರ್, ಹೈ ಆಲ್ಟಿಟ್ಯೂಡ್ ಪದಕ, ಸ್ವಾತಂತ್ರ್ಯದ 50ನೇ ವರ್ಷದ ಪದಕ, ಒಂಬತ್ತು ವರ್ಷದ ಸೇವಾ ಪದಕ ಹಾಕಿಕೊಂಡು ಹೋಗಿದ್ದೆ. ನನ್ನ ಕಾಲಿನ ಕತೆ ಗೊತ್ತಿದ್ದ ಹಿರಿಯ ಸುಬೇದಾರ್ ಸಾಹೇಬರು ನೋಡಿ, "ಅಲ್ಲೋ, ವೂಂಡ್ ಮೆಡಲ್ ಎಲ್ಲಿ? ಮನ್ಯಾಗ ಬಿಟ್ಟು ಬಂದೀಯೇನು?" ಅಂದರು. ಅವತ್ತು ರಾತ್ರಿ ಬುಕ್ಕು ತೆಗೆದೆ. ಮಗಳು ಇಂಗ್ಲಿಷ್ ಓದಿ ಹೇಳಿದಾಗ ನಮ್ಮಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು: "ಇಷ್ಟು ವರ್ಷ ಯುದ್ಧದಾಗ ಗಾಯ ಆಗ್ಯಾದ ಅಂತಿದ್ರಿ. ಜಾರಿ ಬಿದ್ದೀರಿ ಅಂತ ಸರ್ಕಾರನೇ ಬರದದ ನೋಡ್ರಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವೂಂಡ್ ಮೆಡಲ್ ಅಂದರೆ ಹಿಂದಿಯಲ್ಲಿ ಪರಾಕ್ರಮ ಪದಕ, 1973ರಲ್ಲಿ ಶುರುವಾದದ್ದು. ವೀರಚಕ್ರದಂಥ ಶೌರ್ಯ ಪ್ರಶಸ್ತಿ ಅಲ್ಲ. ನೀವು ಏನು ಸಾಹಸ ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ, ಶತ್ರುವಿನ ಗುಂಡಿನಿಂದಲೋ ಷೆಲ್ಲಿನಿಂದಲೋ ನೇರ ಗಾಯ ಆಗಿರಬೇಕು. ಕೈಯಲ್ಲಿ ರೈಫಲ್ ಇತ್ತೋ ಕೆಟಲಿ ಇತ್ತೋ ಅನ್ನುವುದು ಲೆಕ್ಕಕ್ಕಿಲ್ಲ. ಆದರೆ ದಾಖಲೆಯಲ್ಲಿ 'ಬ್ಯಾಟಲ್ ಕ್ಯಾಜುಯಲ್ಟಿ' (ಯುದ್ಧದಲ್ಲಿ ಗಾಯಗೊಂಡವನು) ಅನ್ನುವ ಎರಡು ಮಾತು ಇರಲೇಬೇಕು. ನನ್ನ ಬುಕ್ಕಿನಲ್ಲಿ ಆ ಎರಡು ಮಾತೇ ಇರಲಿಲ್ಲ.

ಮೊದಲು ಒಬ್ಬ ಏಜೆಂಟ್ ಗಂಟುಬಿದ್ದ. ಹದಿನೈದು ಸಾವಿರ ಕೊಡಿ, ಸೀದಾ ಫೌಜಿಗಳ ಕೇಸು ನಡೆಸುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ನಲ್ಲಿ ಕೇಸ್ ಹಾಕಿಸ್ತೀನಿ ಅಂದ. ಅವನ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ದುಡ್ಡು ಕೊಡಲಿಲ್ಲ ಅನ್ನುವುದೊಂದೇ ಸಮಾಧಾನ.

ಚಾಚಾನ ಹತ್ತಿರ ಹೋಗಿದ್ದು ಬರೀ ಟೈಪ್ ಮಾಡಿಸಲು. ನಾನು ನಾಲ್ಕು ಪುಟ ಕೈಯಲ್ಲಿ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ದ್ರಾಸ್‌ನ ಚಳಿ, ಟೈಗರ್ ಹಿಲ್, ಬೋಫೋರ್ಸ್ ತೋಪಿನ ಸದ್ದು, ಭಾರತ್ ಮಾತಾ ಕೀ ಜೈ ಎಲ್ಲ ಇತ್ತು. ಚಹಾದ ಕೆಟಲಿ ಮಾತ್ರ ಇರಲಿಲ್ಲ. ಚಾಚಾಗೆ ಎಪ್ಪತ್ತರ ಹತ್ತಿರ ವಯಸ್ಸು, ಫೌಜಿಗೂ ಅವರಿಗೂ ಸಂಬಂಧ ಇಲ್ಲ. ಹೊಲದ ಖರೀದಿ ಪತ್ರ, ವಾಟಣಿ (ಆಸ್ತಿ ಹಂಚಿಕೆ) ಪತ್ರ, ಕೋರ್ಟಿನ ಕಾಗದ ಬಡಿದು ಬಡಿದು ಬೆರಳು ಸೊಟ್ಟಗಾಗಿವೆ. ನಾಲ್ಕೂ ಪುಟ ಪೂರ್ತಿ ಓದಿದರು (ಓದದೆ ಟೈಪ್ ಮಾಡುವ ಅಂಗಡಿಗಳೇ ಹೆಚ್ಚು, ಇದನ್ನು ಗಮನಿಸಿ), ಮಡಿಚಿ ನನ್ನ ಕೈಗೇ ಕೊಟ್ಟರು.

"ಫೌಜಿ ಸಾಹೇಬ್ರ, ಇದು ಮಮ್ಮಕ್ಕಳಿಗಿ ಹೇಳ್ರಿ, ಛಲೋ ಅದ. ಆಫೀಸಿನವರಿಗಿ ಕತಿ ಬ್ಯಾಡ, ಕಾಗದ ಬೇಕು. ಏನೇನು ಅವ ತರ್ರಿ."

ಇದ್ದದ್ದು ಡಿಸ್ಚಾರ್ಜ್ ಬುಕ್ಕು ಮತ್ತು ಒಂದು ಎಕ್ಸ್‌ರೇ. ಆ ಎಕ್ಸ್‌ರೇ ನನ್ನ ಬ್ರಹ್ಮಾಸ್ತ್ರ ಅಂದುಕೊಂಡಿದ್ದೆ. ಕಲಬುರಗಿಯಲ್ಲೇ ಹೊಸದಾಗಿ ತೆಗೆಸಿದ್ದು, ತೊಡೆಯ ಎಲುಬಿನ ಪಕ್ಕ ತೊಗರಿಬೇಳೆಯಷ್ಟು ಬೆಳ್ಳಗೆ ಲೋಹದ ಚೂರು ಚೊಕ್ಕ ಕಾಣುತ್ತದೆ. ಚಾಚಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಇದರ ಮ್ಯಾಲ ತಾರೀಖು ಈ ವರ್ಷದ್ದು. ಒಳಗ ಚೂರು ಅದ ಅಂತ ಹೇಳ್ತದ, ಯಾರ ಷೆಲ್ಲಿಂದು, ಯಾವಾಗಿಂದು ಅಂತ ಹೇಳಲ್ಲ. ಆವಾಗಿನ ಕಾಗದ ಯಾರ ಕಡಿ ಅದ?" ಅಂದರು. ಇದು ಯಾವ ಏಜೆಂಟನ ಬಾಯಲ್ಲೂ ಬಂದಿರದ ಮಾತು. ಇಪ್ಪತ್ತೈದು ವರ್ಷದ ಹಿಂದಿನ ದಾಖಲೆ ತಿದ್ದಬೇಕಾದರೆ ಇಪ್ಪತ್ತೈದು ವರ್ಷದ ಹಿಂದಿನ ಕಾಗದವೇ ಸಾಕ್ಷಿ ಹೇಳಬೇಕು. ಇವತ್ತು ನಾನು ಎಷ್ಟು ಅತ್ತರೂ ಅದು ಇವತ್ತಿನ ತಾರೀಖಿನದೇ ಆಗುತ್ತದೆ.

ಆಮೇಲೆ ಬುಕ್ಕನ್ನು ತಾಸುಗಟ್ಟಲೆ ತಿರುವಿ ಹಾಕಿದರು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಒಳಗೆ ಕುಂತವರೆಲ್ಲ ಬೆವರಿ ಹೊರಗೆ ಬಂದರು, ಚಾಚಾ ಮಾತ್ರ ಬುಕ್ಕು ಹಿಡಿದು ಹೊಸ್ತಿಲಿಗೆ ಬಂದು ಕುಂತರು. ಪದಕದ ಪುಟದ ಮೇಲೆ ಒಂದು ಬೆರಳು, ಗಾಯದ ಪುಟದ ಮೇಲೆ ಇನ್ನೊಂದು. "ನೋಡ್ರಿ, ಈ ಪುಟ ನೀವು ಯುದ್ಧದಾಗ ಇದ್ರಿ ಅಂತದ. ಆ ಪುಟ ಅದೇ ಜುಲೈನಾಗ ಸುಮ್ನ ಜಾರಿ ಬಿದ್ರಿ ಅಂತದ. ಎರಡೂ ಒಬ್ಬರೇ ಬರದಿದ್ದು." ಮೊದಲ ಅರ್ಜಿಗೆ ಬುನಾದಿ ಆಗಿದ್ದು ಇದೇ.

ಮೊದಲ ಅರ್ಜಿ ಪದಕ ಕೇಳಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ನನ್ನದೇ ಶೀಟ್ ರೋಲ್ (ಸೇವೆಯ ದಾಖಲೆ), ಗಾಯದ ಬಗ್ಗೆ ಹೊರಬಿದ್ದ ಪಾರ್ಟ್ ಟೂ ಆರ್ಡರ್ (ಸಿಪಾಯಿಗೆ ಆದದ್ದನ್ನು ದಾಖಲಿಸುವ ಫೌಜಿನ ಆದೇಶ), ಆಸ್ಪತ್ರೆ ಕಾಗದದ ನಕಲು ಕೇಳಿತು. ಅರ್ಧ ಪುಟ, ಜೊತೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯೇ ಹೇಳುತ್ತದೆ. ಎಲ್ಲಿಗೆ ಕಳಿಸಬೇಕು ಅನ್ನುವುದರಲ್ಲೇ ನಮ್ಮವರು ಎಡವುತ್ತಾರೆ, ದೆಹಲಿಗೆ, ರಾಷ್ಟ್ರಪತಿಗೆ ಅಂತ ಬರೆಯುತ್ತಾರೆ. ಸಿಪಾಯಿಯ ಕಾಗದ ಇರುವುದು ಅವನವನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರದು ಬೆಂಗಳೂರು, ಆರ್ಟಿಲರಿಯವರದು ನಾಸಿಕ್ ರೋಡ್, ಇಎಂಇ (ಫೌಜಿನ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್ಸ್) ಅವರದು ಸಿಕಂದರಾಬಾದ್. ಚಾಚಾಗೆ ಇದು ಗೊತ್ತಿರಲಿಲ್ಲ, ನಾನು ಹೇಳಿದೆ. ಒಂದು ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದಿಟ್ಟುಕೊಂಡರು, ಮುಂದೆ ಬರುವ ಫೌಜಿಗೆ ಬೇಕಾಗುತ್ತದೆ ಅಂತ.

ಇಪ್ಪತ್ತೇಳನೇ ದಿನಕ್ಕೆ ದಪ್ಪ ಲಕೋಟೆ ಬಂತು. ಪಾರ್ಟ್ ಟೂ ಆರ್ಡರ್‌ನ ಮಸುಕು ನಕಲಿನಲ್ಲಿ ನನ್ನ ನಂಬರು, ತಾರೀಖು, ಶತ್ರುವಿನ ಷೆಲ್ಲಿನ ಚೂರು, ಎಡತೊಡೆ, ಬ್ಯಾಟಲ್ ಕ್ಯಾಜುಯಲ್ಟಿ. ಎಲ್ಲ 1999ರಲ್ಲೇ ಬರೆದಾಗಿತ್ತು. ಬುಕ್ಕಿಗೆ ಇಳಿಸುವಾಗ ಬಿಟ್ಟುಹೋಗಿದ್ದು ಒಂದೇ ಸಾಲು.

ಇನ್ನು ಕಡಿಮೆಯಾದ ಒಂದು ಸ್ಟಾರಿನ ವಿಷಯ. ಎರಡನೇ ಅರ್ಜಿ, ಅಂದರೆ ಖರೇ ಅರ್ಜಿ, ಚಾಚಾ ಒಂದೇ ಪುಟದಲ್ಲಿ ಮುಗಿಸಿದರು. ಮೂರು ಕಾಲಂ: ಬುಕ್ಕಿನಲ್ಲಿ ಏನಿದೆ, ಏನಿರಬೇಕು, ಯಾವ ಕಾಗದ ಅದನ್ನು ಹೇಳುತ್ತದೆ. ಕೆಳಗೆ ಎರಡೇ ಸಾಲು ವಿನಂತಿ. ಎಷ್ಟು ಚಂದ ಇತ್ತೆಂದರೆ ನಾನು ಸಹಿ ಮಾಡಿ ಲಕೋಟೆಗೆ ಹಾಕಿದೆ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತಾಗ ಮಗಳು ಫೋನಿನಲ್ಲಿ ಅದರ ಫೋಟೋ ನೋಡಿ, "ಅಪ್ಪಾ, ಕಳಿಸಬ್ಯಾಡ!" ಅಂತ ಚೀರಿದಳು. ವೂಂಡ್ ಅನ್ನುವ ಜಾಗದಲ್ಲಿ ಎಲ್ಲಾ ಕಡೆ ವುಡ್ (would) ಅಂತ ಬಿದ್ದಿತ್ತು, ಇಂಗ್ಲಿಷಿನ ಒಂದೇ ಅಕ್ಷರದ ಫರಕು. ಎಂಟು ಸಲ! ತಪ್ಪು ತಿದ್ದಿ ಅಂತ ಕೇಳುವ ಅರ್ಜಿಯಲ್ಲೇ ಎಂಟು ತಪ್ಪು. ವಾಪಸ್ ಹೋದರೆ ಚಾಚಾ ಕನ್ನಡಕ ಒರೆಸಿಕೊಂಡು, "ಮಷಿನ್ ತಾನೇ ತಿದ್ದ್ಯಾದ್ರಿ, ಅದಕ್ಕ ನಿಮ್ಮ ಮೆಡಲ್ ಗೊತ್ತಿಲ್ಲ" ಅಂದರು. ಇರಬಹುದು. ಕೊನೆಗೊಮ್ಮೆ ಓದುವುದು ಮಷಿನ್ ಕೆಲಸ ಅಲ್ಲವಲ್ಲ. ದುಡ್ಡಿಲ್ಲದೆ ಮತ್ತೆ ಮುದ್ರಿಸಿ ಕೊಟ್ಟರು, ಆದರೆ ನನ್ನ ಆ ದಿನದ ಆಳಂದ ಬಸ್ಸು ತಪ್ಪಿತು. ಸ್ಕ್ಯಾನ್ ಮಾಡುವ ಹುಡುಗನೂ ಅವಸರದವನು, ಬುಕ್ಕಿನ ಅಂಚಿನ ಮೊಹರು ಅರ್ಧ ಕತ್ತರಿಸುತ್ತಾನೆ. ಪಕ್ಕದಲ್ಲೇ ನಿಂತು ಮಾಡಿಸಿ.

ಹೆಸರಿನದೊಂದು ತಕರಾರು ಇತ್ತು. ಆಧಾರ್‌ನಲ್ಲಿ ನನ್ನ ಹೆಸರಿನ ಕೊನೆಗೆ 'ಅಪ್ಪ' ಅದ, ನಮ್ಮ ಕಡೆ ಯಾರ ಹೆಸರಿಗಿಲ್ಲ ಹೇಳಿ? ಭರ್ತಿಯ ದಿನ ಹಿಂದಿಯ ಕ್ಲರ್ಕ್ ಅದನ್ನು 'ಆಪಾ' ಅಂತ ಬೇರೆ ಮಾಡಿ ಬರೆದಿದ್ದ. ಹದಿನೇಳು ವರ್ಷ ಹಾಜರಿ ಕರೆದಾಗಲೆಲ್ಲ ನಾನು ಆಪಾ ಆಗಿದ್ದೆ. ಇಬ್ಬರೂ ಒಬ್ಬನೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಮೊದಲೇ ಲಗತ್ತಿಸಿದ್ದು ಒಳ್ಳೆಯದಾಯಿತು. ವಾರ್ ಇಂಜುರಿ ಪೆನ್ಷನ್ ಕೂಡ ಇದೇ ಅರ್ಜಿಯಲ್ಲಿ ಕೇಳೋಣ ಅಂದಾಗ ಚಾಚಾ ಒಪ್ಪಲಿಲ್ಲ. "ಒಂದು ಕಾಗದಕ್ಕ ಒಂದೇ ಕೆಲಸ. ಎರಡು ಕೇಳಿದ್ರ ಎರಡು ಟೇಬಲ್ಲಿಗಿ ಹೋಗ್ತದ, ಎರಡೂ ಕಡಿ ಮಲಗ್ತದ." ಟ್ರಿಬ್ಯುನಲ್ ಮಾತು ತೆಗೆದಾಗಲೂ ಅವರು ಹೇಳಿದ್ದು, ಮೊದಲು ಆಫೀಸಿಗೆ ಬರೆದು ಕೇಳಿ, ಇಲ್ಲ ಅಂತ ಬರೆದು ಕೊಡಲಿ, ಆಮೇಲೆ ಕೋರ್ಟಿನ ಮಾತು. ಆ ಟ್ರಿಬ್ಯುನಲ್‌ನ 2007ರ ಕಾಯ್ದೆಯೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ ಅಂತ ಆಮೇಲೆ ವಕೀಲರೊಬ್ಬರಿಂದ ತಿಳಿಯಿತು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಒಂದು ಪೈಸೆ ಇಲ್ಲದೆ ಮುಂಪತ್ರ ಹಾಕಿ ಅರ್ಜಿ ಕಳಿಸಿದರು. ಮಾಜಿ ಸೈನಿಕರ ಗುರುತಿನ ಚೀಟಿ ಒಯ್ಯಲು ಮರೆಯಬೇಡಿ.

ಖರ್ಚಿನ ಲೆಕ್ಕ: ಎರಡು ಅರ್ಜಿ, ಅಫಿಡವಿಟ್, ಬುಕ್ಕಿನ ಎಲ್ಲಾ ಪುಟದ ಕಲರ್ ಸ್ಕ್ಯಾನ್, ಜೆರಾಕ್ಸ್, ಅಂಚೆ ಎಲ್ಲ ಸೇರಿ 870 ರೂಪಾಯಿ. ಚಾಚಾಗೆ ಸಂದಿದ್ದು ಅದರಲ್ಲಿ ಅರ್ಧಕ್ಕೂ ಕಮ್ಮಿ. ಫೋನ್‌ಪೇ ನಡೆಯುತ್ತದೆ, ಚಿಲ್ಲರೆ ಇಟ್ಟುಕೊಂಡರೆ ಅವರಿಗೆ ಖುಷಿ. ಸೋಮವಾರ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ಕುಡಿಯುವ ನೀರು ನೀವೇ ಒಯ್ಯಿರಿ.

ರೆಕಾರ್ಡಿನಿಂದ ಉತ್ತರ ಬಂದದ್ದು ನಾಲ್ಕು ತಿಂಗಳಿಗೆ: ಮೂಲ ಬುಕ್ಕು ಕಳಿಸಿ, ತಿದ್ದಿ ಕೊಡುತ್ತೇವೆ. ಅದನ್ನು ಅಂಚೆಗೆ ಹಾಕಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮುಂದಿನ ತಿಂಗಳು ವಾಪಸ್ ಬಂತು. ಹಳೇ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಬ್ಯಾಟಲ್ ಕ್ಯಾಜುಯಲ್ಟಿ, ಪಾರ್ಟ್ ಟೂ ಆರ್ಡರ್ ನಂಬರು, ಸಹಿ, ಮೊಹರು. ವೂಂಡ್ ಮೆಡಲ್‌ಗೆ ಮುಂದೆ ಬರೆದಿದ್ದೇವೆ ಅಂತ ಒಂದು ಪತ್ರ. ಪದಕ ಇನ್ನೂ ಕೈಗೆ ಬಂದಿಲ್ಲ. ನಮ್ಮಾಕೆ ಆ ಪುಟವನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು, ಆದರೂ 'ಜಾರಿ ಬಿದ್ದವರೇ' ಅಂತ ಕರೆಯುವುದು ಬಿಟ್ಟಿಲ್ಲ.

ಹೋದ ವಾರ ಆ ಪತ್ರದ ಜೆರಾಕ್ಸ್ ಮಾಡಿಸಲು ಚಾಚಾನ ಹತ್ತಿರವೇ ಹೋದೆ. ಕನ್ನಡಕ ಏರಿಸಿ, ಪೆನ್ಸಿಲ್ಲಿನ ತುದಿ ಇಟ್ಟು ಒಂದೊಂದೇ ಅಕ್ಷರ ಓದಿದರು: "ಡಬ್ಲ್ಯೂ, ಓ, ಯೂ, ಎನ್, ಡಿ. ಬರೋಬ್ಬರಿ ಅದ." ಜೆರಾಕ್ಸಿಗೆ ಎರಡು ರೂಪಾಯಿ ತಗೊಂಡರು.