ಜೀನೋಮ್ ಜೋಡಿಸಲು ಯಾವುದು ಸರಿ: ಡಿ ಬ್ರೂಯ್ನ್ ಗ್ರಾಫೋ, ಓವರ್‌ಲ್ಯಾಪ್ ವಿಧಾನವೋ?

ಮೊದಲು ನಿಮ್ಮ ರೀಡ್‌ಗಳ (ಯಂತ್ರ ಓದಿಕೊಟ್ಟ, ನೀವು ಜೋಡಿಸಬೇಕಾದ ಡಿಎನ್‌ಎ ತುಣುಕುಗಳ) ಉದ್ದ ನೋಡಿ. ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ಇಲ್ಯುಮಿನಾ ಯಂತ್ರದಿಂದ ಬಂದ 150 ಅಕ್ಷರಗಳ ತುಣುಕುಗಳು ರಾಶಿ ರಾಶಿ ಇದ್ದರೆ ಡಿ ಬ್ರೂಯ್ನ್ ಗ್ರಾಫ್ ಸರಿ. ಪ್ರತಿ ರೀಡನ್ನೂ ಇನ್ನೊಂದರ ಜೊತೆ ಹೋಲಿಸುವ ಗೋಜೇ ಇಲ್ಲ. ಈ ಗ್ರಾಫ್ ರೀಡ್‌ಗಳನ್ನು ಕೆ ಅಕ್ಷರ ಉದ್ದದ (ಕೆ ಅಂದರೆ ನಾವು ಆರಿಸುವ ಒಂದು ಸಂಖ್ಯೆ) ಚೂರುಗಳಾಗಿ ಒಡೆದು, ಒಂದೇ ಥರದವನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ತುದಿ ಹೊಂದುವವಕ್ಕೆ ಕೊಂಡಿ ಹಾಕುತ್ತದೆ. ಬ್ಯಾಕ್ಟೀರಿಯಾದ ಕೆಲಸಕ್ಕೆ ಬಹಳಷ್ಟು ಸಲ ಇದೇ ಸಾಕು. ಕಷ್ಟ ಇರುವುದು ಕೆ ಆರಿಸುವುದರಲ್ಲಿ. ಚಿಕ್ಕದಾದರೆ, ಮತ್ತೆ ಮತ್ತೆ ಬರುವ ಭಾಗಗಳಿಂದ ಗ್ರಾಫ್ ಸಿಕ್ಕಾಗುತ್ತದೆ. ದೊಡ್ಡದಾದರೆ ಕೊಂಡಿ ತಪ್ಪಿ ಜೋಡಣೆ ತುಂಡಾಗುತ್ತದೆ. ಅದಕ್ಕೇ ಈ ಗ್ರಾಫ್ ಬಳಸಿ ಜೋಡಿಸುವ ಸ್ಪೇಡ್ಸ್ ತಂತ್ರಾಂಶ ಒಂದೇ ಕೆ ನಂಬಿ ಕೂರುವುದಿಲ್ಲ, ಹಲವನ್ನು ಬಳಸುತ್ತದೆ. ಸುಮ್ನೆ ಒಂದು ಅಕ್ಷರ ತಪ್ಪಿದ್ದರೂ ಅದನ್ನು ಹೊತ್ತ ಚೂರುಗಳೆಲ್ಲ ಹಾಳು, ಅಲ್ವಾ? ಹಾಗಾಗಿ ತಪ್ಪು ಜಾಸ್ತಿ ಇರುವ ರೀಡ್‌ಗಳನ್ನು ನೇರವಾಗಿ ಇಲ್ಲಿ ಹಾಕಬೇಡಿ.

ರೀಡ್‌ಗಳು ಸಾವಿರಾರು ಅಕ್ಷರ ಉದ್ದ ಇದ್ದರೆ ಓವರ್‌ಲ್ಯಾಪ್ ವಿಧಾನ ಹಿಡಿಯಿರಿ: ರೀಡ್‌ಗಳನ್ನು ಒಂದಕ್ಕೊಂದು ಹೋಲಿಸಿ, ತುದಿಗಳು ಒಂದರ ಮೇಲೊಂದು ಹೊಂದುವವನ್ನು ಜೋಡಿಸುವುದು. ರೀಡ್ ಇಡಿಯಾಗಿ ಉಳಿಯುವುದರಿಂದ ಉದ್ದದ ಪುನರಾವರ್ತನೆಗಳನ್ನೂ ದಾಟುತ್ತದೆ. ಹೋಲಿಕೆಯ ಲೆಕ್ಕ ಮಾತ್ರ ಭಾರಿ. ಇಡೀ ರೀಡ್ ಬದಲು ಹೋಲಿಸಲು ಅದರಿಂದ ಆಯ್ದ ಕೆಲವೇ ಚೂರುಗಳು, ಅಂದರೆ ಮಿನಿಮೈಸರ್‌ಗಳು, ಈ ಹೊರೆಯನ್ನು ತುಂಬಾ ಇಳಿಸಿವೆ. ನ್ಯಾನೋಪೋರ್ ಯಂತ್ರದ ರೀಡ್‌ಗಳಿಗೆ ಕ್ಯಾನು, ಪ್ಯಾಕ್‌ಬಯೋ ಯಂತ್ರದ ಹೈಫೈ (ಉದ್ದವೂ ನಿಖರವೂ ಆದ) ರೀಡ್‌ಗಳಿಗೆ ಹೈಫಿಯಾಸಂ ತಂತ್ರಾಂಶ ಒಳ್ಳೆಯದು.

ಗಿಡ, ಪ್ರಾಣಿಗಳ ದೊಡ್ಡ ಜೀನೋಮಿಗೆ ನನ್ನ ಆಯ್ಕೆ ಉದ್ದ ರೀಡ್‌ಗಳೇ. 2022ರಲ್ಲಿ ಪ್ರಕಟವಾದ ಮನುಷ್ಯನ ಪೂರ್ಣ ಜೀನೋಮಿನಲ್ಲಿ ಸೆಂಟ್ರೊಮಿಯರ್‌ಗಳ (ಕ್ರೋಮೊಸೋಮಿನ ಸೊಂಟದಂಥ, ಪುನರಾವರ್ತನೆ ತುಂಬಿದ ಭಾಗಗಳ) ಖಾಲಿ ಜಾಗ ತುಂಬಿದ್ದು ಅವುಗಳಿಂದಲೇ.